ಆರನೇ ಕಿಟಕಿ

ಮಾರ್ಚ್ ೩, ಸೋಮವಾರ

ಎರಡನೇ ಕಿಟಕಿಯವರು ಇವತ್ತೂ ಕೈ ಕೊಟ್ಟರು. ಹೊಟ್ಟೆನೋವಂತೆ. ಅದೇ ಹೊತ್ತಿಗೆ ಪಕ್ಕದ ಚಾನೆಲ್‌ನಲ್ಲಿ ಹೊಟ್ಟೆ ನೆಟ್ಟಗಿಟ್ಟುಕೊಂಡು ಕೂಗಾಡುತ್ತಿದ್ದರು. ದೇವರು ಎಲ್ಲಾ ಚಾನೆಲ್ ನೋಡುತ್ತಾನೆ. ನಾನೂ ನೋಡುತ್ತೇನೆ. ಸಂಬಳ ನನಗೆ ಮಾತ್ರ.

ಕಾರ್ಡಿನಲ್ಲಿ ನನ್ನ ಹುದ್ದೆ 'ಅತಿಥಿ ಸಂಯೋಜಕ'. ಕೇಳಿದವರು ಹೋಟೆಲ್ ಅಂದುಕೊಳ್ಳುತ್ತಾರೆ. ನಿಜವಾದ ಕೆಲಸ: ಸಂಜೆಯ ಚರ್ಚೆಯಲ್ಲಿ ಪರದೆಯ ಆರು ಕಿಟಕಿಗೂ ಒಂದೊಂದು ಮುಖ ತುಂಬುವುದು. ಒಂದರಲ್ಲಿ ನಮ್ಮ ನಿರೂಪಕ. ಆಫೀಸಿನಲ್ಲಿ 'ಗುಡುಗು' ಅನ್ನುತ್ತೇವೆ, ಮಳೆ ಬಂದದ್ದು ಯಾರೂ ಕಂಡಿಲ್ಲ. ಎರಡು, ಮೂರು ಪಕ್ಷದವರಿಗೆ. ನಾಲ್ಕು ನಿವೃತ್ತ ಅಧಿಕಾರಿಗೆ. ಸಮವಸ್ತ್ರ ಕಳಚಿ ವರ್ಷಗಳಾದವು, ದನಿ ಇನ್ನೂ ಕಳಚಿಲ್ಲ. ಐದರಲ್ಲಿ ಪ್ರೊಫೆಸರ್. "ಒಂದು ಕಡೆ ನೋಡಿದರೆ..." ಎಂದು ಶುರು ಮಾಡುತ್ತಾರೆ. ಇನ್ನೊಂದು ಕಡೆ ಮುಟ್ಟಲು ಇದುವರೆಗೆ ಯಾರೂ ಬಿಟ್ಟಿಲ್ಲ.

ಆರನೇ ಕಿಟಕಿ ಬೈಸಿಕೊಳ್ಳುವವರಿಗೆ. ಅದು ಖಾಲಿ ಇದ್ದರೆ ಕಾರ್ಯಕ್ರಮವೇ ಇಲ್ಲ. ಇವತ್ತು ಬೀದಿನಾಯಿ ವಿಷಯ. ನಾಯಿಗಳಿಗೆ ಅನ್ನ ಹಾಕುವ ಅಜ್ಜಿಯೊಬ್ಬರನ್ನು ಕೂರಿಸಿದ್ದೆ. ಚೆನ್ನಾಗಿ ಬೈಸಿಕೊಂಡರು. ಹೋಗುವಾಗ "ಮತ್ತೆ ಯಾವಾಗ ಕರೀತೀಯಪ್ಪಾ?" ಅಂದರು.

ಮಾರ್ಚ್ ೫, ಬುಧವಾರ. ಮಧ್ಯಾಹ್ನ

ಬೆಳಿಗ್ಗೆ ದೊಡ್ಡ ವೃತ್ತದಲ್ಲಿ, ಸಿಗ್ನಲ್‌ಗೆ ನಿಂತ ಕಾರಿನೊಳಗೇ ಪಕ್ಷದ ದೊಡ್ಡ ಧುರೀಣರೊಬ್ಬರಿಗೆ ಗುಂಡು. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಹೊಡೆದವನು ಅಲ್ಲೇ ಸಿಕ್ಕಿದ. ಅವನ ಹೆಸರು ಸಿಕ್ಕಿತು. ಹೆಸರಿನಿಂದ ಧರ್ಮ ಸಿಕ್ಕಿತು. ಮಿಕ್ಕಿದ್ದನ್ನು ಹುಡುಕುವ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ.

ಪರದೆಯ ತಳದಲ್ಲಿ ಓಡುವ ಸಾಲಿನಲ್ಲಿ ಒಮ್ಮೆ ಬಂತು: 'ಕಾರಿನ ಚಾಲಕನೂ ಸಾವು.' ಹೆಸರೇನು ಅಂತ ಡೆಸ್ಕಿನವನನ್ನು ಕೇಳಿದೆ.

"ಯಾರ್ದು?"

"ಡ್ರೈವರ್‌ದು."

"ಏ, ಈಗ ಅದೆಲ್ಲಾ ಯಾಕ್ ಸಾರ್..."

ಸಂಜೆಯ ವಿಷಯ: 'ಧರ್ಮದ ಹೆಸರಲ್ಲಿ ನೆತ್ತರು – ಉತ್ತರ ಕೊಡುವವರು ಯಾರು?' ಆರನೇ ಕಿಟಕಿಗೆ ಆ ಧರ್ಮದವರೊಬ್ಬರು ಬೇಕು. ಪ್ರಾರ್ಥನಾ ಮಂದಿರದ ಹಿರಿಯರಿಗೆ ಜ್ವರ. ವಕೀಲರು ಊರಲ್ಲಿಲ್ಲ. ಕವಿಯ ಫೋನ್ ಆಫ್. ವೈದ್ಯರಿಗೂ ಜ್ವರ. ಇಡೀ ಸಮುದಾಯಕ್ಕೆ ಒಂದೇ ದಿನ ಜ್ವರ ಬಂದದ್ದು ವೈದ್ಯಶಾಸ್ತ್ರದಲ್ಲಿ ಇದೇ ಮೊದಲಿರಬೇಕು.

ಸಂಪಾದಕರು ಕನ್ನಡಕದ ಮೇಲಿಂದ ನೋಡಿದರು.

"ನಿಮ್ಮ ಭಾವ ಅವರೇ ಅಲ್ವೇನ್ರೀ?"

ಅವರೇ. ಅಕ್ಕ ಧರ್ಮ ದಾಟಿ ಮದುವೆಯಾದಾಗ ನಮ್ಮ ಮನೆಯಲ್ಲೂ ಅವರ ಮನೆಯಲ್ಲೂ ಒಂದಷ್ಟು ದಿನ ಗುಡುಗಿತ್ತು. ಈಗ ನೆನೆದು ನಗುತ್ತೇವೆ. ಭಾವ ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ವಾರಕ್ಕೊಮ್ಮೆ ಪ್ರಾರ್ಥನೆಗೆ ಹೋಗುತ್ತಾರೆ, ದಿನಾ ರಸ್ತೆ ನಿಯಮಕ್ಕೆ ಕೈಮುಗಿಯುತ್ತಾರೆ. ಯಾರಾದರೂ ಇಂಡಿಕೇಟರ್ ಹಾಕದೆ ತಿರುಗಿದರೆ ಅವರ ಮುಖದಲ್ಲಿ ನಿಜವಾದ ಧರ್ಮಸಂಕಟ ಕಾಣುತ್ತದೆ.

ಫೋನ್ ಮಾಡಿದೆ.

"ನಾನು ಏನ್ ಮಾತಾಡ್ಲಪ್ಪಾ? ನಂಗೆ ಗೇರು, ಕ್ಲಚ್ ಬಿಟ್ಟರೆ ಏನ್ ಗೊತ್ತು?"

"ಎರಡೇ ನಿಮಿಷ ಭಾವ. ತಪ್ಪು ಅಂತ ಹೇಳಿ ಸಾಕು. ನಾನಿರ್ತೀನಲ್ಲ."

"ನೀನಿದ್ರೆ ಸರಿ," ಅಂದರು.

ಅದೇ ದಿನ, ಮನೆಗೆ ಬಂದ ಮೇಲೆ

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಮುಖಕ್ಕೆ ಪೌಡರ್ ಹಚ್ಚುವವಳಿಗೆ "ಸೀಟ್ ಬೆಲ್ಟ್ ಎಲ್ಲಮ್ಮಾ?" ಅಂದರು. ಅವಳು ನಕ್ಕಳು. ಇವತ್ತಿನ ಕೊನೆಯ ನಗು ಅದೇ.

ಗುಡುಗು ಮೊದಲ ಸುತ್ತಿನಲ್ಲೇ ಆರನೇ ಕಿಟಕಿಗೆ ತಿರುಗಿದ.

"ಎರಡು ಹೆಣ ಬಿದ್ದಿವೆ. ನೀವು ಖಂಡಿಸ್ತೀರಾ, ಇಲ್ವಾ? ಹೌದು ಅಥವಾ ಇಲ್ಲ!"

ಭಾವ ತಲೆ ತಗ್ಗಿಸಿದರು. ಕಣ್ಣು ಮುಚ್ಚಿದರು.

ಇದು ಅವರ ಮನೆಯ ರೂಢಿ. ಸಾವಿನ ಮಾತು ಬಂದರೆ ಮೊದಲು ಮೌನ, ಆಮೇಲೆ ಮಾತು. ಪಾಠದ ನಡುವೆ ಸುದ್ದಿ ಬಂದರೆ ಕಾರನ್ನು ರಸ್ತೆ ಬದಿಗೆ ಹಾಕಿಸಿ ಸುಮ್ಮನೆ ಕೂರುತ್ತಾರೆ. ಅಪ್ಪ ಹೋದಾಗ ನಮ್ಮ ಬಾಗಿಲಲ್ಲಿ ನಿಂತೇ ಇದ್ದರು. "ಅಳಿಯಂದಿರಿಗೆ ಮಾತೇ ನಿಂತುಹೋಯ್ತಾ" ಅಂತ ಅಮ್ಮ ಹೆದರಿದ್ದಳು. ನನಗೆ ಗೊತ್ತಿತ್ತು. ಗುಡುಗಿಗೆ ಅವರ ಹೆಸರು ಹೇಳಿದ್ದೆ, ಕಸುಬು ಹೇಳಿದ್ದೆ. ಇದನ್ನು ಹೇಳಿರಲಿಲ್ಲ. ಟೀವಿಯಲ್ಲಿ ಯಾರಾದರೂ ಸುಮ್ಮನಿರಬಹುದು ಎಂಬುದು ನನಗೇ ಹೊಳೆದಿರಲಿಲ್ಲ.

"ನೋಡಿ! ಮೌನ! ಇಡೀ ದೇಶ ನೋಡ್ತಾ ಇದೆ ಈ ಮೌನಾನ!"

ನಮ್ಮಲ್ಲೊಂದು ನಿಯಮ. ಮಾತಾಡದ ಅತಿಥಿಯ ಧ್ವನಿಯನ್ನು ಸೌಂಡಿನವನು ಇಳಿಸಿಬಿಡುತ್ತಾನೆ, ಕೆಮ್ಮು ಗಿಮ್ಮು ಕೇಳಬಾರದೆಂದು. ಇಳಿಸಿದ. ಭಾವ ತಲೆ ಎತ್ತಿ ಮಾತಾಡತೊಡಗಿದಾಗ ಗುಡುಗು ನಾಲ್ಕನೇ ಕಿಟಕಿಗೆ ಹೋಗಿಯಾಗಿತ್ತು. ಆರನೆಯದರಲ್ಲಿ ಬರೀ ತುಟಿ ಆಡುತ್ತಿತ್ತು. ಕೆಳಗೆ ಕೆಂಪು ಅಕ್ಷರ: 'ಖಂಡಿಸಲು ನಿರಾಕರಣೆ!'

ಹೊರಟಾಗ ಭಾವ ಕೇಳಿದರು. "ನಾನು ಹೇಳಿದ್ದು ಬಂತೇನಪ್ಪಾ?"

"ಬಂತು ಭಾವ," ಅಂದೆ.

ಮಾರ್ಚ್ ೬, ಗುರುವಾರ

ಭಾವನ ಮೌನ ಎಲ್ಲರ ಫೋನಿನಲ್ಲೂ ಓಡಾಡುತ್ತಿದೆ. ಹಿಂದೆ ಸಂಗೀತ ಸೇರಿಸಿದ್ದಾರೆ. ಮೌನಕ್ಕೂ ಹಿನ್ನೆಲೆ ಸಂಗೀತ ಬೇಕಾದ ಕಾಲ.

ಅಕ್ಕ ಫೋನ್ ಮಾಡಿದಳು.

"ಬೆಳಗಿನ ಬ್ಯಾಚಿಗೆ ಒಬ್ರೂ ಬಂದಿಲ್ಲ ಕಣೋ. ಕಾರಿನ ಮೇಲಿದ್ದ ಬೋರ್ಡಿಗೆ ಯಾರೋ ಮಸಿ ಬಳಿದಿದ್ದಾರೆ. ಇವರು ಸೀಮೆಎಣ್ಣೆ ತಗೊಂಡು ಉಜ್ತಾ ಕೂತಿದ್ದಾರೆ."

"ನಾಲ್ಕು ದಿನ ಅಕ್ಕ. ಜನ ಮರೀತಾರೆ."

"ನಿಮ್ಮ ಚಾನೆಲ್ ಮರೆಯೋಕೆ ಬಿಡತ್ತೇನೋ?"

ಸಿಗ್ನಲ್ ಇಲ್ಲ ಅಂತ ನಟಿಸಿದೆ.

ಮಾರ್ಚ್ ೮, ಶನಿವಾರ

ಇವತ್ತಿನ ವಿಷಯ: 'ಮಾಧ್ಯಮಗಳು ಬೆಂಕಿ ಹಚ್ಚುತ್ತಿವೆಯೇ?' ಅತಿಥಿಗಳು ಅವರೇ. ಬೆಂಕಿ ಹಚ್ಚಿದವರನ್ನೇ ಕರೆಸಿ ಹೊಗೆ ಎಲ್ಲಿಂದ ಬಂತು ಅಂತ ಕೇಳಿದಂತಾಯಿತು. ಪ್ರೊಫೆಸರ್ "ಒಂದು ಕಡೆ ನೋಡಿದರೆ ಉಗ್ರವಾದ..." ಅಂದರು. ಬ್ರೇಕ್ ಬಂತು. ನಿವೃತ್ತ ಅಧಿಕಾರಿ "ಉಗ್ರರಿಗಿಂತ ಈ ಮೌನಿಗಳು ಅಪಾಯ" ಅಂದರು. ಪಕ್ಕದಲ್ಲಿ ಮತ್ತೆ ಭಾವನ ಮುಖ. ತಗ್ಗಿದ ತಲೆ. ಮತ್ತೆ ಮತ್ತೆ ಅದೇ.

ಗುಡುಗು ಕೊನೆಗೆ ಕ್ಯಾಮೆರಾ ನೋಡಿ, ಮಾಧ್ಯಮ ಸಂಯಮದಿಂದ ವರ್ತಿಸಬೇಕು ಎಂದು ಗುಡುಗಿದ.

ಸಂಪಾದಕರ ಬಳಿ ಹೋದೆ. "ಸಾರ್, ಭಾವ ಆಮೇಲೆ ಮಾತಾಡಿದ್ರು. ಆಡಿಯೋ ಇರಲಿಲ್ಲ ಅಷ್ಟೇ. ಒಂದು ಸಾಲು ಸ್ಪಷ್ಟನೆ ಹಾಕಬಹುದಲ್ವಾ?"

"ಏನ್ ಮಾತಾಡಿದ್ರು?"

ಗೊತ್ತಿಲ್ಲ ಅಂದೆ. ಮೂರು ದಿನವಾಯಿತು, ನಾನೂ ಕೇಳಿರಲಿಲ್ಲ.

ಮಾರ್ಚ್ ೧೨, ಬುಧವಾರ

ಕೊನೆಗೆ ಹೋದೆ. ಅಕ್ಕ ಬಾಗಿಲು ತೆರೆದಳು, ದಾರಿ ಬಿಡಲಿಲ್ಲ. ಒಳಗಿಂದ ಭಾವ ಕೀ ಹಿಡಿದು ಬಂದರು.

"ಬಾ, ಕಾರಲ್ಲಿ ಕೂತು ಮಾತಾಡೋಣ. ವಾರದಿಂದ ಇಂಜಿನ್ ತಣ್ಣಗೆ ಕೂತಿದೆ, ಅದಕ್ಕೂ ಬೇಜಾರು."

ಚಾಲಕನ ಸೀಟಿಗೆ ನನ್ನನ್ನೇ ತಳ್ಳಿದರು. ಈ ವಯಸ್ಸಿಗೂ ನನಗೆ ಡ್ರೈವಿಂಗ್ ಬರುವುದಿಲ್ಲ. ಮನೆಯವರೆಲ್ಲರ ತಮಾಷೆಗೆ ನಾನೇ ವಸ್ತು. ಕಲಿಸುವವರ ಕಾಲಿನ ಬಳಿ ಇನ್ನೊಂದು ಬ್ರೇಕ್ ಇರುತ್ತದೆ. ಆ ಧೈರ್ಯದಲ್ಲಿ ಮೆಲ್ಲಗೆ ಹೊರಟೆ. ಬೋರ್ಡಿನ ಮಸಿ ಪೂರ್ತಿ ಹೋಗಿರಲಿಲ್ಲ. ಸಿಗ್ನಲ್‌ನಲ್ಲಿ ಪಕ್ಕದ ಬೈಕಿನವನು ಭಾವನನ್ನು ಗುರುತಿಸಿ, ಮುಖ ತಿರುವಿ, ಮತ್ತೆ ತಿರುಗಿ ನೋಡಿದ.

"ಹ್ಯಾಂಡ್ ಬ್ರೇಕ್ ಎಳಿ," ಅಂದರು ಭಾವ.

"ಕಾಲಿಟ್ಟಿದೀನಲ್ಲ ಭಾವ."

"ಕಾಲನ್ನ ನಂಬಬೇಡ. ಅವನಿಗೂ ಇದನ್ನೇ ಬೈದು ಬೈದು ಕಲಿಸಿದ್ದೆ."

"ಯಾರಿಗೆ?"

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಬಾರಿಸಿದರು. ಬದಿಗೆ ಹಾಕು ಅಂದರು. ಹಾಕಿದೆ. ತುಂಬಾ ಹೊತ್ತು ಸುಮ್ಮನಿದ್ದರು.

ಧುರೀಣರ ಡ್ರೈವರ್ ಇವರ ಶಿಷ್ಯ. ಸ್ಕೂಲಿನ ಮೊದಲ ಬ್ಯಾಚಿನವನು. ಧರ್ಮ ಕೇಳಿದರೆ ಧುರೀಣರ ಕಡೆಯವನು, ಭಾವನ ಕಡೆಯವನಲ್ಲ.

"ನಿಮ್ಮ ಸ್ಟುಡಿಯೋದಲ್ಲೇ ವಿಡಿಯೋ ನೋಡಿದೆ, ಅವನೇ ಅಂತ ಅಲ್ಲೇ ಗೊತ್ತಾಗಿದ್ದು. ಗುಂಡು ತಾಗಿ ಅವನು ಸ್ಟಿಯರಿಂಗ್ ಮೇಲೆ ಬಿದ್ದ. ಕಾರು ಒಂದು ಗೇಣೂ ಮುಂದೆ ಹೋಗ್ಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದಿದ್ದ. ಎದುರಿಗೆ ಜನ ದಾಟ್ತಿದ್ರು, ಮಕ್ಕಳಿದ್ರು... ಅವತ್ತು ಟೀವೀಲಿ ನಾನು ಹೇಳಿದ್ದು ಅದನ್ನೇ. ಕೊಲೆ ಪಾಪ, ಮಾಡಿದವನಿಗೆ ಶಿಕ್ಷೆ ಆಗಲಿ, ಆ ಡ್ರೈವರ್ ಹೆಸರನ್ನೂ ಒಂದ್ ಸಲ ಹೇಳಿ ಅಂತ. ನೀವು ಹೇಳ್ಲೇ ಇಲ್ಲ."

ಬಂತು ಅಂದಿದ್ದೆ ನಾನು. ಬಂದಿಲ್ಲ ಅಂತ ಅವರಿಗೆ ಮೊದಲಿಂದ ಗೊತ್ತಿತ್ತು.

"ಇದನ್ನ ಹೇಳಿದ್ರೆ ಎಲ್ಲಾ ಸರಿಹೋಗತ್ತೆ ಭಾವ!"

"ಬೇಡ. ಅವನ ಹೆಂಡತಿ ಮನೆ ಮುಂದೆ ನಿಮ್ಮ ಕ್ಯಾಮೆರಾ ನಿಲ್ಲೋದು ಬೇಡ. ನನ್ನಾಣೆ."

ಮಾರ್ಚ್ ೧೩, ಗುರುವಾರ

ಹೇಳಿಬಿಟ್ಟೆ.

ಅವರಿಗೋಸ್ಕರವೇ ಹೇಳಿದ್ದು. ಸ್ಕೂಲಿಗೆ ಒಬ್ಬರೂ ಬರುತ್ತಿಲ್ಲ. ಸಂಪಾದಕರ ಕಣ್ಣು ತುಂಬಿತು. ನಿಜಕ್ಕೂ ತುಂಬಿತು. "ಎಂಥಾ ಸ್ಟೋರಿ ರೀ ಇದು!" ಅಂದರು. ಬೆನ್ನು ತಟ್ಟಿದರು. ಮನೆಗೆ ಬರುವಾಗ ಮಕ್ಕಳಿಗೆ ಐಸ್‌ಕ್ರೀಮ್ ತಂದೆ.

ಮಾರ್ಚ್ ೧೪, ಶುಕ್ರವಾರ

ಸಂಜೆಯ ಪರದೆಯಿಂದ ಇಳಿಸಿಕೊಂಡಿದ್ದೇನೆ, ಅಕ್ಷರಕ್ಕೆ ಅಕ್ಷರ:

'ಮೌನಿಯ ಶಿಷ್ಯನೇ ಧುರೀಣರ ಚಾಲಕ!'
'ಗುಂಡಿನ ದಾಳಿ ನಡೆದರೂ ಕಾರು ಓಡಲಿಲ್ಲ ಏಕೆ?'
'ಹ್ಯಾಂಡ್ ಬ್ರೇಕ್ ಎಳೆಯಲು ಕಲಿಸಿದ್ದು ಯಾರು?'

ಸ್ಟುಡಿಯೋದೊಳಗೆ ಒಂದು ಕಾರನ್ನೇ ತಂದು ನಿಲ್ಲಿಸಿದ್ದರು. ಗುಡುಗು ಅದರೊಳಗೆ ಕೂತು ಹ್ಯಾಂಡ್ ಬ್ರೇಕ್ ಎಳೆದು ತೋರಿಸಿದ. ನಿವೃತ್ತ ಅಧಿಕಾರಿ "ಇದು ತರಬೇತಿ ಪಡೆದವರ ಕೆಲಸ" ಅಂದರು. ಹೌದು. ತರಬೇತಿ ಪಡೆದವನ ಕೆಲಸವೇ. ಜೀವನದಲ್ಲಿ ಮೊದಲ ಸಲ ಅವರು ನಿಜ ಹೇಳಿದರು, ಅದೂ ಗೊತ್ತಿಲ್ಲದೆ.

ಕಾರ್ಯಕ್ರಮ ಮುಗಿಯುವ ಮೊದಲೇ ಪೊಲೀಸರು ಅಕ್ಕನ ಮನೆಗೆ ಹೋಗಿ ಭಾವನನ್ನು ಕರೆದುಕೊಂಡು ಹೋದರು. 'ವಿಚಾರಣೆಗೆ ಅಷ್ಟೇ.'

ಫ್ರಿಜ್‌ನಲ್ಲಿ ಐಸ್‌ಕ್ರೀಮ್ ಹಾಗೇ ಇದೆ.

ಮಾರ್ಚ್ ೧೮, ಮಂಗಳವಾರ

ಮೂರು ದಿನ ಈ ಡೈರಿಯಲ್ಲಿ ಏನೂ ಬರೆದಿಲ್ಲ. ತಮಾಷೆಯಾಗಿ ಬರೆಯಲು ಕೂತೆ, ಬರಲಿಲ್ಲ. ಗಂಭೀರವಾಗಿ ಬರೆಯುವ ಅಭ್ಯಾಸವಿಲ್ಲ.

ನಿನ್ನೆ ಭಾವನನ್ನು ಬಿಟ್ಟರು. ಡ್ರೈವರ್‌ನ ಹೆಂಡತಿ ತಾನಾಗಿಯೇ ಠಾಣೆಗೆ ಹೋದಳಂತೆ. "ಇವರು ನಮ್ಮನೆಯವರ ಮೇಷ್ಟ್ರು. ಹನ್ನೆರಡು ವರ್ಷ ಯಾರಿಗೂ ಒಂದು ಗೀರು ತಾಗಿಸದೆ ಗಾಡಿ ಓಡಿಸಿದ್ರು ಅಂದ್ರೆ ಇವರಿಂದ. ನನ್ನ ಹೆಸರಲ್ಲಿ ಇವರನ್ನ ಕೂರಿಸಬೇಡಿ," ಅಂದಳಂತೆ. ಭಾವ ಅವಳೆದುರು ತಲೆ ತಗ್ಗಿಸಿ ನಿಂತರಂತೆ. ಅವಳು ಕಾದಳಂತೆ. ಅವಳಿಗೆ ಅರ್ಥವಾಯಿತು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಯಾವ ಚಾನೆಲ್ಲೂ ಇದನ್ನು ತೋರಿಸಲಿಲ್ಲ.

ಇಷ್ಟನ್ನೂ ಅಕ್ಕ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಕೊನೆಗೆ: "ನಿನ್ನ ಭಾವ ನಿನ್ನ ಮೇಲೆ ಸಿಟ್ಟಿಲ್ಲ ಅಂತಾರೆ. ನಂಗಿದೆ. ಸಾಯೋವರೆಗೂ ಇರತ್ತೆ. ಇಡ್ತೀನಿ."

ಮಾರ್ಚ್ ೧೯, ಬುಧವಾರ. ಮಧ್ಯಾಹ್ನ

ಠಾಣೆಯ ಸುದ್ದಿ ಸಂಪಾದಕರಿಗೂ ಮುಟ್ಟಿದೆ. ಇವತ್ತಿನ ಆರನೇ ಕಿಟಕಿಗೆ ಡ್ರೈವರ್‌ನ ಹೆಂಡತಿ ಬೇಕಂತೆ.

"ಗಂಡನ್ನ ಕಳ್ಕೊಂಡೋಳು ಆರೋಪಿ ಪರ ನಿಂತಿದ್ದಾಳೆ ಅಂದ್ರೆ... ಒತ್ತಡ ಇರ್ಬೇಕು. ಗುಡುಗು ಕೇಳ್ತಾನೆ. ಅತ್ತರೂ ಪರವಾಗಿಲ್ಲ. ನಂಬರ್ ನಿಮ್ಮ ಅಕ್ಕನ ಹತ್ರ ಇರತ್ತಲ್ಲ?"

"ಇರತ್ತೆ ಸಾರ್."

"ಮತ್ತೆ?"

"ಅವರಿಗೆ ಜ್ವರ ಸಾರ್."

ಈ ಕೆಲಸ ಸೇರಿದ ಮೇಲೆ ನಾನೇ ಹೇಳಿದ ಮೊದಲ ಜ್ವರ.

"ಹಾಗಾದ್ರೆ ಆರನೇ ಕಿಟಕೀಲಿ ಯಾರನ್ನ ಕೂರಿಸ್ತೀರಿ? ನಿಮ್ಮನ್ನಾ?" ಅಂತ ರೇಗಿದರು.

"ಹೂಂ ಸಾರ್. ಮೌನಿಯ ಭಾವಮೈದುನ. ಚಾನೆಲ್ ಒಳಗೇ ಸಿಕ್ಕಿದ ನಂಟು. ಇದಕ್ಕಿಂತ ಒಳ್ಳೆ ಸ್ಟೋರಿ ಬೇಕಾ?"

ಸ್ವಲ್ಪ ಯೋಚಿಸಿದರು. ಕಣ್ಣು ತುಂಬಲಿಲ್ಲ. ಹೊಳೆಯಿತು.

ಸಂಜೆ

ಅತಿಥಿಗಳ ಕೋಣೆ. ಇಷ್ಟು ವರ್ಷ ಜನರನ್ನು ತಂದು ಇಲ್ಲಿ ಬಿಟ್ಟು ಹೋಗಿದ್ದೇನೆ, ಈ ಸೋಫಾದ ಮೇಲೆ ಕೂತಿರಲಿಲ್ಲ. ಸ್ಪ್ರಿಂಗ್ ಚುಚ್ಚುತ್ತದೆ. ಬಿಸ್ಕತ್ತು ಮೆತ್ತಗಾಗಿದೆ. ಅಜ್ಜಿ ಇದನ್ನು ತಿಂದೂ "ಮತ್ತೆ ಯಾವಾಗ" ಅಂದಿದ್ದರು, ಪುಣ್ಯಾತ್ಗಿತ್ತಿ.

ಪೌಡರ್ ಹಚ್ಚುವವಳು ಹಣೆ ಒರೆಸಿ, ಮತ್ತೊಮ್ಮೆ ಒರೆಸಿದಳು. ಬೆವರು ನಿಲ್ಲುತ್ತಿಲ್ಲ.

ಡ್ರೈವರ್ ಹೆಸರು ಕೇಳಿ ಅಕ್ಕನಿಗೆ ಮೆಸೇಜ್ ಹಾಕಿದ್ದೆ, ಬರೀ ಹೆಸರು, ನಂಬರ್ ಬೇಡ ಅಂತ. ಅವಳು ಉತ್ತರಿಸಲಿಲ್ಲ. ಈಗಷ್ಟೇ ಭಾವನ ಫೋನಿನಿಂದ ಬಂತು. ಹೆಸರಷ್ಟೇ. ಕೆಳಗೆ: 'ನಿಧಾನಕ್ಕೆ ಹೋಗು. ನಿನ್ನ ಕಡೆ ಒಂದೇ ಬ್ರೇಕ್ ಇರೋದು.'

ಸೌಂಡಿನವನು ಮೈಕ್ ಸಿಕ್ಕಿಸಲು ಬಂದ. ಅಂಗಿಯ ಗುಂಡಿ ಹತ್ತಿರ ಬಗ್ಗಿ ಪಿಸುಗುಟ್ಟಿದ.

"ಸಾರ್, ಅವತ್ತು ನಾನು ಇಳಿಸಬಾರ್ದಿತ್ತು."

"ನಿಯಮ ಅಲ್ವೇನಪ್ಪಾ."

"ಇವತ್ತು ಇಳಿಸಲ್ಲ. ನೀವು ಸುಮ್ನಿದ್ರೂ ಇಳಿಸಲ್ಲ. ಕೆಲಸ ಹೋದ್ರೆ ಹೋಗ್ಲಿ."

"ನಿಂದೂ ಹೋಗತ್ತೆ, ನಂದೂ ಹೋಗತ್ತೆ. ಇಬ್ರೂ ಸೇರಿ ಡ್ರೈವಿಂಗ್ ಕಲಿಯೋಣ. ಮೇಷ್ಟ್ರು ಖಾಲಿ ಇದಾರೆ."

ನಕ್ಕ. ನಾನೂ.

ಕರೆಯುತ್ತಿದ್ದಾರೆ. ಗುಡುಗಿನ ಮೊದಲ ಪ್ರಶ್ನೆ ಏನೆಂದು ಗೊತ್ತು. ಹೌದು ಅಥವಾ ಇಲ್ಲ. ಹೌದು ಅನ್ನುತ್ತೇನೆ, ಆ ಹೆಸರನ್ನೂ ಹೇಳುತ್ತೇನೆ. ಆದರೆ ಮೊದಲು ತಲೆ ತಗ್ಗಿಸಿ, ಅವರು ಎಷ್ಟೇ ಕೂಗಲಿ, ಸ್ವಲ್ಪ ಹೊತ್ತು —