ದೇವದೂತನ ಕಿರುಬೆರಳು

ಸಾನ್ ಫ್ರೆದಿಯಾನೊ, ಫ್ಲಾರೆನ್ಸ್
3 ಜೂನ್ 2003

ಪ್ರೀತಿಯ ಅಣ್ಣ ಇವೊಗೆ,

ನಿನ್ನ ತಂಗಿ ಫೋಸ್ಕಳ ನೆನಪುಗಳು. ಈಸ್ಟರಿಗೆ ನೀನು ಬರೆದ ಕಾಗದಕ್ಕೆ ಜೂನ್ ಬಂದರೂ ಉತ್ತರ ಹಾಕಿಲ್ಲ, ಬೈಯಬೇಡ. ಬೈದರೂ ತ್ರಿಯೆಸ್ತೆಯಿಂದ ಇಲ್ಲಿಗೆ ಕೇಳಿಸುವುದಿಲ್ಲ ಬಿಡು. ಮಂಡಿನೋವು ಹೇಗಿದೆ? ಅರವತ್ತರ ಹತ್ತಿರ ಬಂದವನು ಇನ್ನೂ ಏಣಿ ಹತ್ತಿ ದೋಣಿಗಳಿಗೆ ಬಣ್ಣ ಬಳಿಯುತ್ತೀಯಂತೆ, ಬುದ್ಧಿ ಎಲ್ಲಿಟ್ಟಿದ್ದೀಯ? ನಾನು ಚೆನ್ನಾಗಿದ್ದೇನೆ. ಕಣ್ಣು ಸ್ವಲ್ಪ ಮಂಜು, ಕೈ ಮಾತ್ರ ಹಾಗೇ ಇದೆ, ಒಂದಿಷ್ಟೂ ನಡುಗುವುದಿಲ್ಲ.

ಕೇಳು, ನಿನ್ನ ಸೋದರಸೊಸೆ ಒರೆಟ್ಟಾ ಗೈಡ್ ಪರೀಕ್ಷೆ ಪಾಸು ಮಾಡಿದಳು! ಎರಡು ತಿಂಗಳಿಂದ ಗ್ಯಾಲರಿಯಲ್ಲಿ ಜನರನ್ನು ಸುತ್ತಿಸುತ್ತಿದ್ದಾಳೆ. ಕೊರಳಲ್ಲಿ ಬಿಲ್ಲೆ, ಬಿಲ್ಲೆಯ ಮೇಲೆ ಫೋಟೋ, ಫೋಟೋದಲ್ಲಿ ಥೇಟ್ ನಿನ್ನ ಮೂಗು. ಹುಟ್ಟಿದಾಗಿನಿಂದ ಒಂದು ಸಲವೂ ಕಣ್ಣಾರೆ ನೋಡದ ಮಾವನ ಮೂಗು ಅವಳಿಗೆ ಹೇಗೆ ಬಂತೋ. ಈ ಸಲ ನೀನು ಬಂದು ಅವಳನ್ನು ನೋಡಲೇಬೇಕು, ಅದನ್ನು ಹೇಳುವುದಕ್ಕೇ ಈ ಕಾಗದ. ಅಪ್ಪ ನಿನ್ನನ್ನು ಕಾರ್ಯಾಗಾರದಿಂದ ಹೊರಗೆ ಹಾಕಿ ಮೂವತ್ತೊಂದು ವರ್ಷವಾಯಿತು. ಅಪ್ಪ ಹೋಗಿಯೇ ಹತ್ತೊಂಬತ್ತು ವರ್ಷ. ಇನ್ನೂ ಯಾರ ಮೇಲೆ ಮುನಿಸು?

ಒರೆಟ್ಟಾ ಮಾಡಿಸುವುದು ಐವತ್ತು ನಿಮಿಷದ ಸುತ್ತು. ಕೇಳಿದಾಗ ನನಗೆ ಮೈಯುರಿಯಿತು. ಒಂದು ಹಳೇ ಪಟ ರಿಪೇರಿ ಮಾಡಲು ಅದರ ಮುಂದೆ ಎಂಟು ತಿಂಗಳು ಕೂತು ಎದ್ದವಳು ನಾನು. ಇಡೀ ಗ್ಯಾಲರಿ ಐವತ್ತು ನಿಮಿಷದಲ್ಲೆಂದರೆ ಅದೇನು ಮೂಲೆ ಅಂಗಡಿಗೆ ಹೋಗಿ ರೊಟ್ಟಿ ತರುವ ಕೆಲಸವೇ ಎಂದು ಕೇಳಿದೆ.

"ಅಮ್ಮಾ, ಜನಕ್ಕೆ ಊಟ ಆಗ್ಬೇಕು, ಪಿಸಾ ಬಸ್ಸು ಹಿಡೀಬೇಕು, ವಾಲಿರೋ ಗೋಪುರಕ್ಕೆ ಕೈ ಕೊಟ್ಟು ನಿಂತು ಫೋಟೋ ಹೊಡಿಸ್ಕೋಬೇಕು. ನಮಗೆ ಅಂತ ಐವತ್ತು ನಿಮಿಷ ಕೊಟ್ರೆ ಅದೇ ಪುಣ್ಯ," ಎಂದಳು. "ಬೇಕಾದ್ರೆ ಗುರುವಾರ ನೀನೂ ಬಾ. ಆದ್ರೆ ಬಾಯಿ ಬಿಡಬಾರ್ದು. ನನ್ನಮ್ಮ ಅಂತ ಒಂದು ನರಪಿಳ್ಳೆಗೂ ಗೊತ್ತಾಗಬಾರ್ದು."

"ಬಾಯಿ ಬಿಡದೆ ಉಸಿರು ಹೆಂಗಾಡ್ಲಿ?"

"ಮೂಗಿದೆಯಲ್ಲ. ನಮ್ಮ ವಂಶದಲ್ಲಿ ಅದಕ್ಕೇನು ಬರ ಇಲ್ಲ."

ಗುರುವಾರ ನೀಲಿ ಉಡುಪು ಹಾಕಿ, ಅಮ್ಮನ ಮುತ್ತಿನ ಓಲೆ ಇಟ್ಟು ಹೊರಟೆ. ಮೂಲೆಯಲ್ಲಿ ಗಾಡಿ ಇಟ್ಟುಕೊಂಡು ಬೋಟಿ ಬೇಯಿಸುವ ನೊರ್ಮಾ ನಿನಗೆ ನೆನಪಿರಬೇಕು, ನಿನ್ನ ಹಿಂದೆ ಸುತ್ತುತ್ತಿದ್ದಳಲ್ಲ, ಅವಳೇ. ಸೌಟು ಎತ್ತಿ ನನ್ನನ್ನು ಅಡ್ಡಗಟ್ಟಿದಳು.

"ಏನೇ ಫೋಸ್ಕಾ, ಯಾರ ಮದುವೆ?"

"ಗ್ಯಾಲರಿಗೆ ಹೋಗ್ತಿದೀನಿ."

"ಗ್ಯಾಲರಿಗಾ? ಯಾಕೆ, ಮಾಡು ಸೋರ್ತಿದೆಯಾ?"

ಈ ಊರಿನಲ್ಲಿ ಹುಟ್ಟಿದವರು ಕೆಲಸವಿಲ್ಲದೆ ಅಲ್ಲಿಗೆ ಹೋದದ್ದನ್ನು ಯಾರು ಕಂಡಿದ್ದಾರೆ? ಟಿಕೆಟಿನ ಸಾಲಿನಲ್ಲಿ ನಿಂತಾಗ ನನಗೂ ನಾಚಿಕೆಯಾಯಿತು. ಹಿಂದೆಲ್ಲ ನಾವು ಹಿತ್ತಲ ಬಾಗಿಲಿನಿಂದ ಪಟ ಬರೆದ ಹಲಗೆ ಹೊತ್ತುಕೊಂಡು ಹೋಗುತ್ತಿದ್ದವರು, ಬಾಗಿಲಿನವರು ನಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಈಗಿನ ಹುಡುಗಿ ನನ್ನ ಕೈಚೀಲವನ್ನು ಯಂತ್ರದೊಳಗೆ ಹಾಕಿ ಚಾಕು ಇದೆಯೇ ಎಂದು ಕೇಳಿದಳು.

ನಾವು ಹದಿನಾಲ್ಕು ಮಂದಿ. ಬೆರ್ಗಾಮೊದ ಒಬ್ಬ ಹಲ್ಲಿನ ಡಾಕ್ಟರು ಮತ್ತು ಹೆಂಡತಿ, ಸಿಸಿಲಿಯ ಒಂದು ಶಾಲೆಯ ಮೇಡಂಗಳು, ಹೊಸ ಬೂಟು ಕಚ್ಚಿ ಕುಂಟುತ್ತಿದ್ದ ಒಬ್ಬ ಭಾರೀ ಆಸಾಮಿ. ಉಳಿದ ಗೈಡುಗಳೆಲ್ಲ ಕೊಡೆ ಎತ್ತಿ ಹಿಡಿದರೆ ನಮ್ಮವಳು ಮರದ ಸೌಟಿಗೆ ಕೆಂಪು ಪಟ್ಟಿ ಕಟ್ಟಿ ಎತ್ತಿದ್ದಳು. ಅದು ನನ್ನ ಅಡುಗೆಮನೆಯದೇ. ವಾರದಿಂದ ಹುಡುಕುತ್ತಿದ್ದೆ! ಬಾಯಿ ಬಿಡುವ ಹಾಗಿರಲಿಲ್ಲವಲ್ಲ, ನುಂಗಿಕೊಂಡೆ.

ಇವೊ, ಅವಳು ಮಾತಾಡುವುದನ್ನು ನೀನು ಕೇಳಬೇಕಿತ್ತು. ಓದಿದ್ದನ್ನು ಒಪ್ಪಿಸುವ ಹುಡುಗಿಯಲ್ಲ ಅದು. ಚಿಪ್ಪಿನ ಮೇಲೆ ನಿಂತ ಸುಂದರಿಯ ಪಟವಿರುವ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ಎಲ್ರೂ ಈಕೆ ಮುಖ ನೋಡ್ತಾರೆ, ನೀವು ಪಾದ ನೋಡಿ. ಚಳಿಗೆ ಬೆರಳು ಮುದುರಿದೆ ಅನ್ಸಲ್ವಾ? ಈಗಷ್ಟೇ ನೀರಿಂದ ಎದ್ದಿದ್ದಾಳೆ ಪಾಪ," ಎಂದಳು. ಹದಿನಾಲ್ಕು ತಲೆಗಳೂ ಒಟ್ಟಿಗೆ ಬಾಗಿದವು. ಬೂಟಿನವನಂತೂ ತನ್ನ ಕಾಲನ್ನೂ ಒಮ್ಮೆ ನೋಡಿಕೊಂಡ. ದಂತವೈದ್ಯರ ಹೆಂಡತಿ ಶೌಚಾಲಯ ಎಲ್ಲಿ ಎಂದು ಮೂರು ಸಲ ಕೇಳಿದಳು, ಮೂರು ಸಲವೂ ಇವಳು ನಗುನಗುತ್ತಲೇ ಹೇಳಿದಳು. ನಾನಾಗಿದ್ದರೆ ಎರಡನೆಯ ಸಲಕ್ಕೇ ಅವಳನ್ನು ಕಿಟಕಿಯಿಂದ ಆರ್ನೊ ಹೊಳೆಗೆ ಎಸೆಯುತ್ತಿದ್ದೆ. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಉಡುಪಿನ ಗುಂಡಿ ಕಿತ್ತು ಬರುತ್ತದೇನೋ ಎಂದು ಕೈ ಅಡ್ಡ ಹಿಡಿದುಕೊಂಡೆ.

ಮೂವತ್ತೈದು ನಿಮಿಷವಾಗಿತ್ತು. ಮುಂದೆ ದೊಡ್ಡ ಹೆಸರಿನವರ ಕೋಣೆಗಳಿದ್ದವು. ಅವಳು ಅತ್ತ ಹೋಗದೆ ಸೌಟು ತಿರುಗಿಸಿ ಎಡಗಡೆಯ ಚಿಕ್ಕ ಕೋಣೆಗೆ ನುಗ್ಗಿದಳು. ಒಳಗೆ ಯಾರೂ ಇರಲಿಲ್ಲ. ಗೋಡೆಯ ಮೇಲೆ ನಮ್ಮ ಪಟ.

ನಮ್ಮದೇ, ಇವೊ. ಅರವತ್ತಾರರ ಪ್ರವಾಹದಲ್ಲಿ ಕೆಸರು ಮತ್ತು ಎಣ್ಣೆ ಕುಡಿದು ಬಣ್ಣ ಹಪ್ಪಳದ ಹಾಗೆ ಎದ್ದಿದ್ದ, ಅಪ್ಪನ ಕಾರ್ಯಾಗಾರದಲ್ಲಿ ನಾವು ಸರಿಮಾಡಿದ ಆ ಹಲಗೆ. ಮಂಡಿಯೂರಿದ ದೇವದೂತ, ಪುಸ್ತಕದಿಂದ ತಲೆಯೆತ್ತಿದ ಮರಿಯಾ. ಬರೆದವನ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಾನು ಆ ಕೋಣೆಗೆ ಕಾಲಿಟ್ಟು ಮೂವತ್ತೊಂದು ವರ್ಷವಾಗಿತ್ತು. ಸಿಸಿಲಿಯ ಮೇಡಂ ಒಬ್ಬರ ತೋಳು ಹಿಡಿದುಕೊಂಡೆ.

"ಹತ್ತಿರ ಬನ್ನಿ, ಇನ್ನೂ ಹತ್ತಿರ," ಎಂದಳು ಒರೆಟ್ಟಾ. "ರೆಕ್ಕೆ ನೋಡಿ. ದೂರದಿಂದ ತುಂಬಿದ ಹಾಗಿತ್ತು. ಈಗ? ಸಣ್ಣ ಸಣ್ಣ ನಿಲುವುಗೆರೆ ಕಾಣ್ತಿದೆಯಲ್ಲ, ಮಳೆ ಹೊಡೆದ ಹಾಗೆ? ಅಲ್ಲಿ ಬಣ್ಣ ಉದುರಿಹೋಗಿತ್ತು. ನಮ್ಮವರು ಗೆರೆ ಎಳೆದು ತುಂಬಿದ್ದಾರೆ. ಇದು ನಾವು ತುಂಬಿದ್ದು, ಅವನು ಬರೆದದ್ದಲ್ಲ ಅಂತ ಒಪ್ಪಿಕೊಳ್ಳೋ ಗೆರೆ. ಗೆರೆ ಇಲ್ಲದೆ ತುಂಬಿದ್ರೆ ಅದು ಕಳ್ಳತನ. ನಮ್ಮ ತಾತ ಇದೇ ಕಸುಬಿನವರು. ಗೆರೆ ಎಳೆಯದೆ ಮುಚ್ಚಿದ ಅಂತ ಸ್ವಂತ ಮಗನನ್ನೇ ಮನೆಯಿಂದ ಆಚೆ ಹಾಕಿದ್ರು."

ಅಪರಿಚಿತರ ಮುಂದೆ ಆ ಮಾತು ಹೇಳಬಾರದಿತ್ತು, ಅವಳ ಪರವಾಗಿ ಕ್ಷಮೆ ಕೇಳುತ್ತೇನೆ. ಅದು ಯಾವ ಪಟ, ಯಾವ ಜಾಗ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಅವಳು ಸೌಟಿನ ತುದಿಯನ್ನು ದೇವದೂತನ ಕೈಯತ್ತ ತಿರುಗಿಸಿದಳು, ಲಿಲ್ಲಿ ಹೂ ಹಿಡಿದ ಕೈ.

"ಈಗ ಈ ಕಿರುಬೆರಳು ನೋಡಿ. ಇಲ್ಲಿ ಒಂದು ಗೆರೆಯೂ ಇಲ್ಲ. ಪ್ರವಾಹ ಬಂತು, ಹೋಯ್ತು, ಈ ಬೆರಳನ್ನ ಮುಟ್ಟಲಿಲ್ಲ. ಹೂವಿನ ದಂಟು ಮುರಿದೀತು ಅಂತ ಎಷ್ಟು ಹಗುರವಾಗಿ ಎತ್ತಿ ಹಿಡಿದಿದ್ದಾನೆ ನೋಡಿ. ಬರೆದವನ ಹೆಸರು ಹೋದ್ರೆ ಹೋಗಲಿ, ಬೆರಳಿದೆಯಲ್ಲ. ಐನೂರು ವರ್ಷದಲ್ಲಿ ಇಂಥ ಬೆರಳು ಬರೆಯೋಕೆ ಇನ್ನೊಬ್ಬ ಹುಟ್ಟಿಲ್ಲ."

ದಂತವೈದ್ಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ನನ್ನ ಕೈ ಕೂಡ ಸೂಕ್ಷ್ಮದ ಕೆಲಸ ಮಾಡೋ ಕೈಯಮ್ಮ. ಇದು ಮನುಷ್ಯರ ಕೈ ಅಲ್ಲ," ಎಂದರು. ಮೇಡಂ ಒಬ್ಬರ ಕಣ್ಣು ಒದ್ದೆಯಾಯಿತು.

ಅಯ್ಯೋ ಇವೊ, ಅದು ನನ್ನ ಬೆರಳು! ನಿನಗೆ ಗೊತ್ತು. ಭೂಮಿಯ ಮೇಲೆ ನಿನಗೊಬ್ಬನಿಗೇ ಗೊತ್ತಿತ್ತು. ನಾನೇ ಹಡೆದ ಮಗಳು ನಾನೇ ಬರೆದ ಬೆರಳನ್ನು ನನ್ನ ಮುಂದೆಯೇ ನಿಂತು ನಾಲ್ಕು ನಿಮಿಷ ಹೊಗಳಿದಳು. ರಾಣಿಯರಿಗೂ ಇಂಥ ದಿನ ಸಿಕ್ಕಿರಲಿಕ್ಕಿಲ್ಲ. ಬಾಯಿ ಬಿಡಬಾರದೆಂಬ ಕರಾರು, ನಾಲಿಗೆ ಕಚ್ಚಿಕೊಂಡೆ. ರಕ್ತ ಬರುವುದೊಂದು ಬಾಕಿ.

ಐವತ್ತು ನಿಮಿಷಕ್ಕೆ ಸರಿಯಾಗಿ ಹೊರಗೆ ಬಂದೆವು. ಎಲ್ಲರೂ ಅವಳ ಕೈ ಕುಲುಕಿದರು, ಬೂಟಿನವನು ಚಪ್ಪಾಳೆಯನ್ನೇ ಹೊಡೆದ. ನಾನು ಕೊನೆಯವಳಾಗಿ ಹೋಗಿ, "ತುಂಬಾ ಚೆನ್ನಾಗಿತ್ತು ಸಿನ್ಯೊರಿನಾ," ಎಂದು ಪರಕೀಯಳ ಹಾಗೆ ಕೈ ಕೊಟ್ಟೆ. ಅವಳು ನಕ್ಕು ಎಲ್ಲರ ಮುಂದೆಯೇ ನನ್ನನ್ನು ತಬ್ಬಿಕೊಂಡಳು. ಆಮೇಲೆ ಚೌಕದಲ್ಲಿ ನಿಂತೇ ಕಾಫಿ ಕುಡಿದೆವು.

ಹೀಗಿದ್ದಾಳೆ ನಿನ್ನ ಸೊಸೆ. ಇದೇ ತಿಂಗಳು ಇಪ್ಪತ್ತನಾಲ್ಕಕ್ಕೆ ನಮ್ಮ ಸಂತ ಜಾನನ ಹಬ್ಬ. ಹೊಳೆಯ ಮೇಲೆ ಬಾಣಬಿರುಸು ನೋಡಿ ಎಷ್ಟು ಕಾಲವಾಯಿತು ನಿನಗೆ? ಬಾ. ಕರಿ ಎಲೆಕೋಸು, ಬೀನ್ಸು, ಹಳೇ ರೊಟ್ಟಿ ಹಾಕಿದ ಅಮ್ಮನ ಸಾರು ಮಾಡಿಡುತ್ತೇನೆ. ನಮ್ಮ ಉಪ್ಪಿಲ್ಲದ ರೊಟ್ಟಿ ಬಿಟ್ಟು ತ್ರಿಯೆಸ್ತೆಯ ಉಪ್ಪು ರೊಟ್ಟಿ ತಿಂದು ಕೆಟ್ಟ ನಿನ್ನ ನಾಲಿಗೆಯೂ ನೆಟ್ಟಗಾಗಲಿ. ಅಪ್ಪನ ಮಣ್ಣಿಗೂ ಬಾರದ ಕಲ್ಲೆದೆಯವನು ಎಂದು ನೊರ್ಮಾ ಇನ್ನೂ ನಿನ್ನನ್ನು ಬೈಯುತ್ತಾಳೆ. ಬೈಯುತ್ತಲೇ ನಿನಗೆ ಮದುವೆಯಾಯಿತೇ ಎಂದೂ ಕೇಳುತ್ತಾಳೆ.

ಮೈ ಜೋಪಾನ. ಏಣಿ ಹತ್ತಬೇಡ. ದೇವಮಾತೆ ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ, ನಿನ್ನ ಕೈಗೂ ಕಾಲಿಗೂ ಬಲ ಕೊಡಲಿ.

ನಿನ್ನ ತಂಗಿ,
ಫೋಸ್ಕಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗದ್ದು. ಮೇಲಿನದನ್ನು ಬರೆದು ಮೂರು ದಿನವಾಯಿತು. ಲಕೋಟೆ ಅಂಟಿಸಲು ಒರೆಟ್ಟಾ ಬಿಡುತ್ತಿಲ್ಲ.

ಕಾಫಿ ಕುಡಿಯುವಾಗ ನಾನು ಬಾಯಿ ಬಿಟ್ಟೆ. ತಡೆಯಲಾಗಲಿಲ್ಲ. "ಆ ಬೆರಳು ನಂದು ಕಣೇ," ಎಂದೆ. ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಲೋಟ ಕೆಳಗಿಟ್ಟು, "ಹಾಗಾದ್ರೆ ಇವೊ ಮಾವ ಯಾಕೆ ಹೋದ್ರು?" ಎಂದಳು. ಅಷ್ಟೇ. ಅವತ್ತಿನಿಂದ ನನ್ನ ಮೇಜಿಗೆ ಊಟಕ್ಕೆ ಬಂದಿಲ್ಲ. ಎಲ್ಲ ಬರೆದು ಮಾವನಿಗೆ ಕಳಿಸು, ಆಮೇಲೆ ಬರುತ್ತೇನೆ ಎಂದಿದ್ದಾಳೆ.

ಬರೆಯುತ್ತೇನೆ. ನಿನಗೆ ಜ್ವರ ಬಂದು ಮಲಗಿದ್ದ ವಾರ ನಿನ್ನ ಪಾಲಿನ ದೇವದೂತನ ಕೈ ನಾನು ತುಂಬಿದೆ. ಗೆರೆ ಎಳೆದಿದ್ದರೆ ಅದು ರಿಪೇರಿ, ಎಳೆಯದಿದ್ದರೆ ಬೆರಳು. ನನಗೆ ಬೆರಳು ಬೇಕಾಗಿತ್ತು, ಸೊಕ್ಕು. ಪಟ ಗೋಡೆಗೇರಿದ ದಿನ ಎಲ್ಲರೂ ಚಪ್ಪಾಳೆ ತಟ್ಟುವಾಗ ಅಪ್ಪ ಒಬ್ಬನೇ ಹತ್ತಿರ ಹೋಗಿ ಮೂಗು ತಾಗಿಸಿ ನೋಡಿದ. ಮನೆಗೆ ಬಂದು ನಿನ್ನ ಕೆನ್ನೆಗೆ ಹೊಡೆದ. ನೀನು ನನ್ನತ್ತ ಒಂದು ಸಲ ನೋಡಿದೆ. ಕುಂಚ ಕಿತ್ತುಕೊಂಡರೆ ನಾನು ಬದುಕುವುದಿಲ್ಲ ಎಂದು ನಿನಗೆ ಗೊತ್ತಿತ್ತು. ನೀನು ಪೆಟ್ಟಿಗೆ ಕಟ್ಟಿಕೊಂಡು ಹೊರಟೆ. ನಾನು ಬಾಗಿಲಲ್ಲಿ ನಿಂತಿದ್ದೆ, ಒಂದು ಮಾತಾಡಲಿಲ್ಲ. ನಿನಗಾಗಿ ಮೂವತ್ತೊಂದು ವರ್ಷ ತೆರೆಯದ ಬಾಯಿ, ಒಬ್ಬ ಹಲ್ಲಿನ ಡಾಕ್ಟರು ಹೊಗಳಿದ್ದಕ್ಕೆ ತೆರೆಯಿತು. ನಿನ್ನ ತಂಗಿ ಎಂಥವಳು ಎಂದು ಇದರಲ್ಲೇ ತಿಳಿ.

ಇಷ್ಟು ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಒಂದಿದೆ, ಒರೆಟ್ಟಾಗೂ ಅದನ್ನು ನಿನ್ನೆಯಷ್ಟೇ ಹೇಳಿದೆ. ಅಪ್ಪ ಸಾಯುವುದಕ್ಕೆ ನಾಲ್ಕು ದಿನ ಮೊದಲು ನನ್ನ ಕೈ ಹಿಡಿದು, "ಇವೊ ಈಗಲಾದ್ರೂ ಗೆರೆ ಎಳೀತಾನೇನೇ?" ಎಂದು ಕೇಳಿದ. "ಎಳೀತಾನಪ್ಪ," ಎಂದೆ. "ಹಂಗಾದ್ರೆ ಬರಕ್ಕೆ ಹೇಳು," ಎಂದ. ದಿನಾ ಬೆಳಿಗ್ಗೆ, ಹೊರಟನಂತೆಯೇ, ಎಲ್ಲಿಯವರೆಗೆ ಬಂದನಂತೆ ಎಂದು ಕೇಳಿದ. ರೈಲಿನಲ್ಲಿದ್ದಾನೆ ಎಂದೆ. ನೀನು ಬಂದರೆ ನಿಜ ಹೊರಬೀಳುತ್ತದೆ ಎಂದು ನಾನು ನಿನಗೆ ಹೇಳಿಯೇ ಕಳಿಸಿರಲಿಲ್ಲ. ಅಪ್ಪ ಹೋದ ಸುದ್ದಿಯನ್ನೂ ಮಣ್ಣು ಮಾಡಿದ ಮೇಲೇ ತಿಳಿಸಿದೆ.

ಈಗ ಹೇಳುತ್ತಿದ್ದೇನೆ, ಅಣ್ಣ. ಅಪ್ಪ ನಿನ್ನನ್ನು ಬರಹೇಳಿದ್ದಾನೆ.