ಎಕ್ಕದ ಜೋಡಿ

ರೀನೋ, ಮಂಗಳವಾರ

ಅಪ್ಪನಿಗೆ,

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಇಸ್ಪೀಟ್ ಎಲೆ ಹಂಚುವ ಡೆಲ್ಬರ್ಟ್ ಕೈಯಲ್ಲಿ ಇದನ್ನು ನಿನ್ನ ಪೋಕರ್ ಮೇಜಿಗೇ ಕಳಿಸುತ್ತಿದ್ದೇನೆ.

ಅಮ್ಮ ಹಾಗೆಯೇ ಇದ್ದಾಳೆ. ಯಂತ್ರ ಉಸಿರಾಡಿಸುತ್ತಿದೆ. ಇನ್ನು ಎಚ್ಚರವಾಗುವುದಿಲ್ಲ ಎಂದು ಡಾಕ್ಟರು ನಿನ್ನೆ ಮತ್ತೆ ಹೇಳಿದರು.

ನನಗೆ ಆಟ ಕಲಿಸುವಾಗ ನೀನು, "ಕೈಗೆ ಎರಡು ಎಕ್ಕ ಬಂದ್ರೆ ಬಚ್ಚಿಟ್ಕೊಂಡು ಕೂರ್ಬೇಡ ಮಗಳೇ. ಮೊದಲೇ ಪಣ ಏರಿಸು, ಪುಕ್ಕಲರೆಲ್ಲ ಜಾಗ ಖಾಲಿ ಮಾಡ್ಲಿ" ಎನ್ನುತ್ತಿದ್ದೆ. ಅಷ್ಟನ್ನು ಯಾರಾದರೂ ಕಲಿಯುತ್ತಾರೆ. ಕಷ್ಟದ್ದು ಆಮೇಲೆ ಹೇಳಿದ್ದು: "ಮೇಜಿನ ಮೇಲೆ ಬಿದ್ದ ಎಲೆ ನೋಡಿ ಸೋತಿದ್ದೀವಿ ಅಂತ ಗೊತ್ತಾದ್ರೆ, ಎಕ್ಕಾನೂ ಕೆಳಗಿಟ್ಟು ಆ ಆಟ ಬಿಟ್ಕೊಡ್ಬೇಕು. ಚೆನ್ನಾಗಿದೆ ಅಂತ ಹಿಡ್ಕೊಂಡೇ ಕೂತೋನು ದಡ್ಡ."

ಶುಕ್ರವಾರ ಬೆಳಿಗ್ಗೆ ಅಮ್ಮನ ಉಸಿರಿನ ನಳಿಕೆ ತೆಗೆಯುತ್ತಾರೆ. ಸಹಿ ನಾನೇ ಹಾಕಿದ್ದೇನೆ. ನಿನ್ನ ಕೈಲಾಗದೆಂದು ಅಮ್ಮ ಆ ಅಧಿಕಾರವನ್ನು ಮೊದಲೇ ನನ್ನ ಹೆಸರಿಗೆ ಬರೆದಿಟ್ಟಿದ್ದಳು. ಬರುವಾಗ ಅವಳ ನೀಲಿ ಸ್ವೆಟರ್ ತಾ, ಇಲ್ಲಿ ಚಳಿ.

ಎಕ್ಕದ ಜೋಡಿ ಕೆಳಗಿಟ್ಟವನನ್ನು ಮುಂದಿನ ಆಟಕ್ಕೆ ಎಲೆ ಹಂಚುವವರೆಗೆ ಯಾರೂ ಮಾತಾಡಿಸಬಾರದು ಎಂಬುದು ನಿಮ್ಮ ಮೇಜಿನ ನಿಯಮ. ನೀನು ಬಂದು ಸುಮ್ಮನೆ ಅವಳ ಪಕ್ಕದಲ್ಲಿ ಕೂತಿರು. ನರ್ಸ್‌ಗೆ ಹೇಳಿಟ್ಟಿದ್ದೇನೆ, ನಿನ್ನನ್ನು ಯಾರೂ ಮಾತಾಡಿಸುವುದಿಲ್ಲ.

ನಿನ್ನ ಮಗಳು,
ಡಾರ್ಲೀನ್