ವೆನಿಲಾ ಕಾಯಿಯ ಮೇಲಿನ ಗುರುತು

ಅಂಬುದಿಮಾಂಗಾ, ಸಂಬಾವಾ ದಾರಿ
ಮಾರ್ಚ್ ೯, ಭಾನುವಾರ

ಹಾಂತಾಳ ಅಪ್ಪನಿಗೆ,

ಮೈಯಲ್ಲಿ ಹೇಗಿದೆ? ಗಣಿಯ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಅನ್ನ ಸಿಗುತ್ತದೆಯೋ, ಬರೀ ಮರಗೆಣಸಿನಲ್ಲೇ ದಿನ ದೂಡುತ್ತಿದ್ದೀಯೋ? ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಹಾಂತಾಳಿಗೆ ನಾಲ್ಕು ತುಂಬಿತು. ಊಟವಾದ ಮೇಲೆ ತಳ ಹಿಡಿದ ಅನ್ನಕ್ಕೆ ನೀರು ಹಾಕಿ ಕುದಿಸಿ ಕೊಟ್ಟರೆ, ನಿನ್ನ ಹಾಗೇ ಸೊರಸೊರ ಸದ್ದು ಮಾಡಿಕೊಂಡು ಕುಡಿಯುತ್ತಾಳೆ. ಯಾರಿಂದ ಕಲಿತಳೋ, ನೀನು ಹೋಗುವಾಗ ಅವಳಿಗೆ ಹಲ್ಲೂ ಪೂರ್ತಿ ಬಂದಿರಲಿಲ್ಲ.

ಮಡಗಾಸ್ಕರ್ ಇಷ್ಟು ದೊಡ್ಡದು ಅಂತ ಮದುವೆಯ ಹೊತ್ತಿಗೆ ಯಾರಾದರೂ ಹೇಳಿದ್ದರೆ ನಿನ್ನನ್ನು ಕಂಬಕ್ಕೆ ಕಟ್ಟಿಹಾಕುತ್ತಿದ್ದೆ. ನೀನಿರುವ ನೈರುತ್ಯದಲ್ಲಿ ಕುಡಿಯುವ ನೀರನ್ನೂ ಕೊಳ್ಳಬೇಕಂತೆ. ಇಲ್ಲಿ ಪೂರ್ವದಲ್ಲಿ ಸಮುದ್ರದ ಗಾಳಿ ಬಿಟ್ಟೂಬಿಡದೆ ಮಳೆ ತಂದು, ಹಾಸಿದ ಚಾಪೆಗೂ ಬೂಷ್ಟು ಹಿಡಿದಿದೆ. ಪೇಟೆಯಲ್ಲಿ ಲವಂಗದ ಬೆಲೆ ಬಿದ್ದುಹೋಗಿದೆ, ಅಕ್ಕಿ ಹಡಗಿನಲ್ಲಿ ಬರುತ್ತಿದೆ. ಗದ್ದೆಯ ಪಕ್ಕದಲ್ಲೇ ಕೂತು ಹೊರಗಿನ ಅಕ್ಕಿ ಕೊಳ್ಳುವ ಜನ ನಾವು.

ಚಂಡಮಾರುತ ತೋಟವನ್ನು ಮಲಗಿಸಿದ ವರ್ಷ ಹೊಸ ಬಳ್ಳಿ ನೆಟ್ಟು, ಅದು ಕಾಯಿ ಬಿಡುವಷ್ಟರಲ್ಲಿ ನೀಲಮಣಿ ಅಗೆದು ತರುತ್ತೇನೆಂದು ಹೋದೆಯಲ್ಲ, ಆ ಬಳ್ಳಿ ಈ ಸಲ ಹೂ ಬಿಟ್ಟಿತು. ವೆನಿಲಾ ಹೂವಿನ ಹಣೆಬರಹ ನಿನಗೆ ಗೊತ್ತು, ಬೆಳಗ್ಗೆ ಅರಳಿದರೆ ಮಧ್ಯಾಹ್ನಕ್ಕೆ ಮುಗಿಯಿತು. ದಿನಾ ನಸುಕಿಗೇ ಹೋಗಿ ನಿಂಬೆಮುಳ್ಳಿನಿಂದ ಪರಾಗ ತಾಗಿಸಿ ಒಂದೊಂದಕ್ಕೂ ಮದುವೆ ಮಾಡಿಸಿದೆ. ಅತ್ತೆ ಜಗಲಿಯಲ್ಲಿ ಕೂತು, "ಸ್ವಂತ ಗಂಡ ಎಲ್ಲಿದಾನೋ ಗೊತ್ತಿಲ್ಲ, ಇವಳು ಹೂವಿಗೆಲ್ಲ ಗಂಡು ಹುಡುಕ್ತಾ ಇದಾಳೆ" ಅಂದರು. ನನಗೂ ನಗು ಬಂತು. ತೋಟಕ್ಕೆ ಹೋದ ಮೇಲೆ ಅಳು ಬಂತು.

ಈಗ ಕಳ್ಳರ ಭಯಕ್ಕೆ ಎಳೆ ಕಾಯಿಗೆ ಒಡೆಯನ ಗುರುತು ಚುಚ್ಚುವ ಕಾಲ. ನಿನ್ನ ಅಣ್ಣ ಜಾವುಬೆ ಭಾವ ಬಂದು, "ಊರಲ್ಲಿಲ್ಲದವನ ಗುರುತಿಗೆ ಕಳ್ಳರು ಹೆದರ್ತಾರೇನಮ್ಮಾ? ಈ ವರ್ಷ ನನ್ನ ಗುರುತು ಹಾಕು, ಕಾವಲು ನಾನು ನೋಡ್ಕೋತೀನಿ" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಕಾಯಿಯ ಮೇಲೆ ಯಾರ ಗುರುತೋ ತೋಟ ಅವರದ್ದು ಎಂದು ಊರು ತಿಳಿಯುತ್ತದೆ, ಆಮೇಲೆ ನೀನು ಬಂದರೂ ನೆಂಟನ ಹಾಗೆ ನಿಲ್ಲಬೇಕು. ನಾನು ಬೆಂಡಿಗೆ ಸೂಜಿ ಸಿಕ್ಕಿಸಿದ ನಿನ್ನ ಅಚ್ಚನ್ನೇ ತೆಗೆದುಕೊಂಡು ಹೋದೆ. ಮೂರು ಚುಕ್ಕಿ, ಕೆಳಗೊಂದು ಗೆರೆ. ಭಾವ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಬಾಳೆಗೊನೆ ಕಳಿಸಿದರು.

ಲಾರಿ ಓಡಿಸುವ ಫೇನು ನಿನ್ನನ್ನು ಅಲ್ಲಿ ಕಂಡನಂತೆ. ಯಾರದೋ ಗುಂಡಿಯ ಮಣ್ಣು ತೊಳೆಯುತ್ತಿದ್ದೆಯಂತೆ. ಮನೆಗೆ ಹೋಗಲ್ವಾ ಎಂದು ಕೇಳಿದ್ದಕ್ಕೆ, "ಬರಿಗೈಲಿ ಯಾವ ಮುಖ ಇಟ್ಕೊಂಡು ಹೋಗ್ಲಿ" ಅಂದೆಯಂತೆ. ಕೇಳಿ ನನಗೆ ಸಿಟ್ಟು ಬಂತು. ಇರುವ ಮುಖವನ್ನೇ ತೆಗೆದುಕೊಂಡು ಬಾ. ಹಾಂತಾಳಿಗೆ ಅದು ನೆನಪೇ ಇಲ್ಲ.

ಅತ್ತೆ ಹಿರಿಯರ ಹೆಸರು ಹೇಳಿ, ನೆಲಕ್ಕೆ ನಾಲ್ಕು ಹನಿ ರಮ್ ಚೆಲ್ಲಿ ನಿನ್ನನ್ನು ಹರಸಿದ್ದಾರೆ. ಉಳಿದದ್ದನ್ನು ತಾವೇ ಕುಡಿದರು. ಗುಂಡಿಗೆ ಇಳಿಯುವ ಮುಂಚೆ ಹಗ್ಗ ಎಳೆದು ನೋಡು.

ನಿನ್ನವಳು,
ಸುವಾಜಾರಾ

ಮತ್ತೊಂದು ಮಾತು. ಈ ಕಾಗದ ಫೇನುವಿನ ಕೈಯಲ್ಲೇ ಕಳಿಸುತ್ತಿದ್ದೇನೆ, ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ತೊರೆಯ ಪಕ್ಕದ ಸಾಲಿಗೆ ನಾನು ಗುರುತು ಚುಚ್ಚಿಲ್ಲ. ಅತ್ತೆಗೂ ಹೇಳಿಲ್ಲ, ಭಾವನಿಗೂ ಹೇಳಿಲ್ಲ. ಅದು ನೀನೇ ಬಂದು ಚುಚ್ಚಲೆಂದು ಬಿಟ್ಟದ್ದು. ಏಪ್ರಿಲ್ ಮುಗಿಯುವವರೆಗೆ ಸಿಪ್ಪೆ ಎಳಸಾಗಿರುತ್ತದೆ, ಆಮೇಲೆ ಸೂಜಿ ಹಿಡಿಯುವುದಿಲ್ಲ. ನೀನು ಬರದಿದ್ದರೆ ಕಳ್ಳರೇ ಕಿತ್ತುಕೊಂಡು ಹೋಗಲಿ, ನಾನಂತೂ ಆ ಸಾಲು ಮುಟ್ಟುವುದಿಲ್ಲ.